ಎಂಆರ್‌ಐ ನಾರ್ಮಲ್ ಬಂತು, ಹಾಗಾದ್ರೆ ಕಾಯಿಲೆ ಎಲ್ಲಿದೆ?

ನಮ್ಮತ್ತೆ ಮಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಕಾಲೇಜಿಗೆ ಹೋಗೋದೇ ಬಿಟ್ಬಿಟ್ಟ. ರೂಮಲ್ಲಿ ಒಬ್ಬನೇ ಮಾತಾಡ್ತಿದ್ದ, ಪಕ್ಕದ್ಮನೆಯವ್ರು ಗೋಡೆಗೆ ಕಿವಿ ಇಟ್ಕೊಂಡು ನನ್ನ ಮಾತು ಕೇಳಿಸ್ಕೋತಾರೆ ಅಂತಿದ್ದ, ರಾತ್ರಿ ನಿದ್ದೆ ಇಲ್ಲ ಹಗಲು ಊಟ ಇಲ್ಲ. ಡಾಕ್ಟ್ರು ಸ್ಕಿಜೋಫ್ರೇನಿಯಾ ಅಂತ ಅನುಮಾನ ಪಟ್ಟು, ಗಡ್ಡೆಗಿಡ್ಡೆ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಒಂದು ಎಂಆರ್‌ಐ ಬರ್ಕೊಟ್ರು. ರಿಪೋರ್ಟ್ ನಾರ್ಮಲ್ ಬಂತು. ಮನೇಲಿ ರಾಮಾಯಣ ಶುರುವಾಗಿದ್ದೇ ಆಮೇಲೆ. ಮಾವ ಆ ದೊಡ್ಡ ಕವರನ್ನ ಟೇಬಲ್ ಮೇಲೆ ಕುಕ್ಕಿ, "ನೋಡಿ, ತಲೇಲಿ ಏನೂ ಇಲ್ವಂತೆ, ಎಲ್ಲಾ ಓದೋಕಾಗ್ದೆ ಆಡ್ತಿರೋ ನಾಟಕ" ಅಂದ್ರು. ಅತ್ತೆ ಮಾತ್ರ ಅಡುಗೆಮನೇಲಿ ಮೆಲ್ಲಗೆ ನನ್ನ ಕೇಳಿದ್ರು, "ಏನೂ ಇಲ್ಲ ಅಂದ್ಮೇಲೆ ಇಷ್ಟೊಂದು ಮಾತ್ರೆ ಯಾಕೆ ಕಣೋ?"

ನನಗೆ ಉತ್ತರ ಗೊತ್ತಿರ್ಲಿಲ್ಲ. ನಾನು ಡಾಕ್ಟ್ರಲ್ಲ, ಫ್ಯಾಕ್ಟರಿ ಮೋಟರ್‌ಗಳ ವೈಬ್ರೇಷನ್ ಡೇಟಾ ನೋಡೋ ಕೆಲಸ ನನ್ನದು. ಆದ್ರೆ ಆ ಕೆಲಸದಲ್ಲಿ ಒಂದು ವಿಷ್ಯ ದಿನಾ ಕಣ್ಣಿಗೆ ಬೀಳುತ್ತೆ, ನಿಂತಿರೋ ಮೋಟರ್‌ನ ಎಷ್ಟು ಫೋಟೋ ತೆಗೆದ್ರೂ ಬೇರಿಂಗ್ ಹಾಳಾಗೋಕೆ ಶುರುವಾಗಿರೋದು ಗೊತ್ತಾಗಲ್ಲ, ಓಡ್ತಿರುವಾಗ ಕಿವಿ ಕೊಡ್ಬೇಕು. ಓಡ್ತಿರುವಾಗ ಕೂಡ ಇಡೀ ದಿನದ ಸರಾಸರಿ ತೆಗೆದ್ಬಿಟ್ರೆ ಎಲ್ಲಾ ಚೆನ್ನಾಗೇ ಕಾಣುತ್ತೆ, ಯಾವ ಹೊತ್ತಲ್ಲಿ ಸದ್ದು ಬದಲಾಯ್ತು ಅಂತ ನೋಡಿದ್ರೆ ಮಾತ್ರ ತೊಂದ್ರೆ ಸಿಗೋದು. ಮೆದುಳಿನ ವಿಷ್ಯದಲ್ಲೂ ಹತ್ತಿರತ್ತಿರ ಇದೇ ಮಾತನ್ನ ಕಳೆದ ಹದಿನೈದು ವರ್ಷದಿಂದ ಕೆಲವು ವಿಜ್ಞಾನಿಗಳು ಹೇಳ್ತಿದ್ದಾರೆ ಅಂತ ಓದ್ತಾ ಹೋದಾಗ ಗೊತ್ತಾಯ್ತು. ಡೈನಾಮಿಕ್ ಫಂಕ್ಷನಲ್ ಕನೆಕ್ಟಿವಿಟಿ ಅಂತ ದೊಡ್ಡ ಹೆಸರು ಅದಕ್ಕೆ. ಹೆಸರಿಗೆ ಹೆದರ್ಬೇಡಿ, ಒಳಗಿರೋದು ಸುಲಭ.

ಮೊದಲು ಎಂಆರ್‌ಐ ವಿಷ್ಯ. ನಮ್ಮ ಹುಡುಗನಿಗೆ ಮಾಡ್ಸಿದ್ದು ಮಾಮೂಲಿ ಎಂಆರ್‌ಐ, ಅದು ಮೆದುಳಿನ ಆಕಾರ ತೋರ್ಸುತ್ತೆ. ಕಟ್ಟಡದ ಫೋಟೋ ಇದ್ದ ಹಾಗೆ, ಗೋಡೆ ಬಿರುಕು ಬಿಟ್ಟಿದ್ರೆ, ಎಲ್ಲೋ ನೀರು ನಿಂತಿದ್ರೆ ಕಾಣುತ್ತೆ, ಒಳಗಿರೋ ಜನ ಏನ್ ಮಾಡ್ತಿದ್ದಾರೆ ಅಂತ ಕಾಣಲ್ಲ. ಅದನ್ನ ನೋಡೋಕೆ ಎಫ್‌ಎಂಆರ್‌ಐ ಬೇಕು. ಮಷೀನ್ ಅದೇ, ಲೆಕ್ಕ ಬೇರೆ. ಮೆದುಳಿನ ಯಾವುದೋ ಒಂದು ಭಾಗ ಜಾಸ್ತಿ ಕೆಲಸ ಮಾಡಿದ್ರೆ ಅಲ್ಲಿಗೆ ಆಕ್ಸಿಜನ್ ಇರೋ ರಕ್ತ ಹೆಚ್ಚು ಹರಿಯುತ್ತೆ, ಆಕ್ಸಿಜನ್ ಇರೋ ರಕ್ತಕ್ಕೂ ಕಳ್ಕೊಂಡ ರಕ್ತಕ್ಕೂ ಅಯಸ್ಕಾಂತದ ಮುಂದೆ ನಡವಳಿಕೆ ಬೇರೆ, ಆ ವ್ಯತ್ಯಾಸವನ್ನೇ ಮಷೀನ್ ಹಿಡಿಯುತ್ತೆ. 1990ರಲ್ಲಿ ಸೀಜಿ ಒಗಾವಾ ಅನ್ನೋ ಜಪಾನಿ ವಿಜ್ಞಾನಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇಲಿಗಳ ಮೇಲೆ ಇದನ್ನ ತೋರ್ಸಿದ್ರು. ಇಲ್ಲೊಂದು ವಿಷ್ಯ ನೆನಪಿಟ್ಕೊಳಿ, ಆಮೇಲೆ ಬೇಕಾಗುತ್ತೆ. ನರಕೋಶ ಕೆಲಸ ಮಾಡಿದ ಐದಾರು ಸೆಕೆಂಡ್ ಆದ್ಮೇಲೆ ರಕ್ತದ ಸಿಗ್ನಲ್ ತುದಿ ಮುಟ್ಟೋದು. ಅಂದ್ರೆ ನಾವು ನೋಡ್ತಿರೋದು ಮೆದುಳಿನ ಮಾತಲ್ಲ, ಮಾತಾಡಿದ್ಮೇಲೆ ಬಂದ ನಿಧಾನದ ಪ್ರತಿಧ್ವನಿ.

ಮೊದಮೊದಲು ಎಲ್ರೂ ಏನಾದ್ರೂ ಕೆಲಸ ಕೊಟ್ಟು ನೋಡ್ತಿದ್ರು, ಬೆರಳು ಆಡ್ಸಿ, ಚಿತ್ರ ನೋಡಿ, ಹೀಗೆ. ಸುಮ್ನೆ ಮಲಗಿದ್ದಾಗ ಬರೋ ಏರಿಳಿತ ಎಲ್ಲಾ ಕಸ ಅಂತ ಲೆಕ್ಕ. 1995ರಲ್ಲಿ ವಿಸ್ಕಾನ್ಸಿನ್‌ನ ಮೆಡಿಕಲ್ ಕಾಲೇಜಿನಲ್ಲಿ ಭರತ್ ಬಿಸ್ವಾಲ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿ ಈ ಕಸವನ್ನೇ ಕೆದಕಿದ್ರು. ಕೈ ಆಡ್ಸೋಕೆ ಬಳಕೆಯಾಗೋ ಎಡಭಾಗದ ಜಾಗ, ಬಲಭಾಗದ ಜಾಗ, ಎರಡೂ ಸುಮ್ನೆ ಮಲಗಿದ್ದಾಗ ಕೂಡ ಒಟ್ಟಿಗೇ ಏರ್ತಾವೆ ಒಟ್ಟಿಗೇ ಇಳೀತಾವೆ ಅಂತ ಕಂಡ್ರು, ಅದೂ ತುಂಬಾ ನಿಧಾನಕ್ಕೆ, ಒಂದು ಏರಿಳಿತಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ. ಹೀಗೆ ಎರಡು ಜಾಗ ಒಟ್ಟೊಟ್ಟಿಗೆ ಏರಿಳಿಯೋದಕ್ಕೇ ಫಂಕ್ಷನಲ್ ಕನೆಕ್ಟಿವಿಟಿ ಅನ್ನೋದು. ನಡುವೆ ನೇರ ತಂತಿ ಇದೆ ಅಂತೇನಲ್ಲ, ತಾಳ ಕೂಡುತ್ತೆ ಅಂತ ಅಷ್ಟೆ. ಪೂರ್ತಿ ತಾಳ ಕೂಡಿದ್ರೆ 1, ಸಂಬಂಧವೇ ಇಲ್ದಿದ್ರೆ 0, ಒಂದು ಏರುವಾಗ ಇನ್ನೊಂದು ಇಳಿದ್ರೆ ಮೈನಸ್.

ಆಮೇಲೆ ಒಂದರ ಹಿಂದೆ ಒಂದು ನೆಟ್‌ವರ್ಕ್‌ಗಳು ಸಿಕ್ಕವು. 2001ರಲ್ಲಿ ಮಾರ್ಕಸ್ ರೈಕಲ್ ತಂಡ ಡಿಫಾಲ್ಟ್ ಮೋಡ್ ಅನ್ನೋ ಹೆಸರು ಇಟ್ರಲ್ಲ, ಅದು ಇದ್ರಲ್ಲಿ ಫೇಮಸ್ಸು. ನಾವು ಏನೂ ಮಾಡ್ದೆ ಕೂತಾಗ, ನೆನ್ನೆ ಯಾರೋ ಏನೋ ಅಂದಿದ್ದು ನಾಳೆ ಏನಾಗುತ್ತೋ ಅಂತ ನಮ್ಮ ಬಗ್ಗೆ ನಾವೇ ಯೋಚ್ನೆ ಮಾಡುವಾಗ ಎದ್ದು ಕೂರೋ ಭಾಗಗಳು ಅವು. ಮೆದುಳು ತೂಕದಲ್ಲಿ ದೇಹದ 2% ಇದ್ರೂ ಖರ್ಚು ಮಾಡೋ ಶಕ್ತಿ ಸುಮಾರು 20%, ಅದ್ರಲ್ಲಿ ಬಹುಪಾಲು ನಾವು ಸುಮ್ನಿದ್ದಾಗಲೂ ಖರ್ಚಾಗ್ತಾನೇ ಇರುತ್ತೆ. ಖಾಲಿ ಕೂತ್ಕೊಂಡಿದ್ದೀಯಲ್ಲೋ ಅಂತ ಬೈಸ್ಕೊಂಡವ್ರು ಇದನ್ನ ಬಾಯಿಪಾಠ ಮಾಡ್ಕೋಬಹುದು.

ಈಗ ಬರೋಣ ಕಾಲದ ವಿಷ್ಯಕ್ಕೆ.

ಒಂದು ಮದುವೆ ಛತ್ರ ತಗೊಳಿ. ಯಾರ್ ಯಾರ ಜೊತೆ ಎಷ್ಟು ಒಡನಾಟ ಅಂತ ತಿಳ್ಕೊಳ್ಳೋಕೆ ಬೆಳಗ್ಗೆಯಿಂದ ಸಾಯಂಕಾಲದವರೆಗೂ ಕ್ಯಾಮೆರಾ ಇಟ್ಟು ಕೊನೇಲಿ ಸರಾಸರಿ ತೆಗೆದ್ರಿ ಅನ್ಕೊಳಿ. ಹೆಣ್ಣಿನ ಕಡೆಯವ್ರಿಗೂ ಗಂಡಿನ ಕಡೆಯವ್ರಿಗೂ ಸಾಧಾರಣ ಸಂಬಂಧ, ಅಡುಗೆ ಭಟ್ರಿಗೂ ಪುರೋಹಿತ್ರಿಗೂ ಸಂಬಂಧವೇ ಇಲ್ಲ, ಅಂತ ಏನೋ ಒಂದು ಬರುತ್ತೆ. ಸುಳ್ಳೇನಲ್ಲ ಅದು. ಆದ್ರೆ ಛತ್ರದೊಳಗೆ ಆ ಸರಾಸರಿ ಅನ್ನೋದು ಯಾವ ಕ್ಷಣದಲ್ಲೂ ನಡೆದೇ ಇಲ್ಲ. ಮುಹೂರ್ತದ ಹೊತ್ತಲ್ಲಿ ಪುರೋಹಿತ್ರು ಕೈ ಎತ್ತಿದ್ರೆ ವಾಲಗದವ್ರು ಗಟ್ಟಿಮೇಳ ಬಾರಿಸ್ತಾರೆ, ಇಡೀ ಹಾಲ್ ಒಂದೇ ಕಡೆ ನೋಡಿ ಅಕ್ಷತೆ ಎಸೆಯುತ್ತೆ. ಅರ್ಧ ಗಂಟೆ ಬಿಟ್ಟು ನೋಡಿ, ಪಂಕ್ತೀಲಿ ಜಾಗ ಹಿಡಿಯೋ ಗಲಾಟೆ, ಅಡುಗೆ ಭಟ್ರೇ ಈಗ ರಾಜ, ಪುರೋಹಿತ್ರು ಮೂಲೇಲಿ ದಕ್ಷಿಣೆ ಎಣಿಸ್ತಿದ್ದಾರೆ. ಊಟ ಆದ್ಮೇಲೆ ಎಲೆಅಡಿಕೆ ಹರಟೆ, ನಾಲ್ಕು ಜನ ಇಲ್ಲಿ ಐದು ಜನ ಅಲ್ಲಿ, ಯಾವ ಗುಂಪಿಗೂ ಇನ್ನೊಂದು ಗುಂಪಿನ ಗೊಡವೆ ಇಲ್ಲ. ಅದೇ ಛತ್ರ, ಅದೇ ಜನ, ಮೂರು ಬೇರೆ ಬೇರೆ ಸ್ಥಿತಿ.

ಮೆದುಳನ್ನೂ ಹಾಗೆ ನೋಡ್ಬೇಕು ಅಂತ 2010ರ ಸುಮಾರಿಗೆ ಶುರುವಾಯ್ತು. ಆ ವರ್ಷ ಸ್ಟ್ಯಾನ್‌ಫರ್ಡ್‌ನ ಕ್ಯಾಥರೀನ್ ಚಾಂಗ್, ಗ್ಯಾರಿ ಗ್ಲೋವರ್ ಇಬ್ರೂ ಒಂದೇ ಸ್ಕ್ಯಾನ್ ಒಳಗೆ, ನಿಮಿಷ ನಿಮಿಷಕ್ಕೂ ಈ ತಾಳ ಬದಲಾಗುತ್ತೆ ಅಂತ ತೋರ್ಸಿದ್ರು. ಅದಾದ್ಮೇಲೆ ನ್ಯೂ ಮೆಕ್ಸಿಕೋದ ವಿನ್ಸ್ ಕ್ಯಾಲ್‌ಹೂನ್ ಗುಂಪು ಇದಕ್ಕೆ ಒಂದು ವಿಧಾನ ಕಟ್ಟಿ 2014ರಲ್ಲಿ ಪ್ರಕಟ ಮಾಡ್ತು, ಇವತ್ತಿಗೂ ಹೆಚ್ಚಿನವ್ರು ಬಳಸೋದು ಅದನ್ನೇ.

ಹೇಗೆ ಮಾಡ್ತಾರೆ ಅಂದ್ರೆ, ಲೆಕ್ಕ ಹಾಕೇ ನೋಡೋಣ. ಒಬ್ಬ ಆರು ನಿಮಿಷ ಸ್ಕ್ಯಾನರ್ ಒಳಗೆ ಮಲಗ್ತಾನೆ, ಎರಡು ಸೆಕೆಂಡಿಗೆ ಒಂದು ಇಡೀ ಮೆದುಳಿನ ಚಿತ್ರ, ಒಟ್ಟು 180 ಚಿತ್ರ. ಮೆದುಳನ್ನ 50 ಭಾಗ ಮಾಡ್ಕೊಂಡ್ರೆ ಒಟ್ಟು 1225 ಜೋಡಿ. ಹಳೇ ವಿಧಾನದಲ್ಲಿ 180 ಚಿತ್ರವನ್ನೂ ಒಟ್ಟಿಗೆ ಹಾಕಿ ಪ್ರತಿ ಜೋಡಿಗೆ ಒಂದೇ ಒಂದು ನಂಬರ್. ಹೊಸ ವಿಧಾನದಲ್ಲಿ 44 ಸೆಕೆಂಡಿನ ಕಿಟಕಿ, ಅಂದ್ರೆ 22 ಚಿತ್ರ ಮಾತ್ರ ಕಾಣೋ ಅಷ್ಟು ಅಗಲ. ಆ 22ಕ್ಕೆ 1225 ನಂಬರ್ ತೆಗಿ, ಕಿಟಕೀನ ಒಂದು ಚಿತ್ರ ಮುಂದಕ್ಕೆ ಸರಿಸು, ಮತ್ತೆ ತೆಗಿ, ಹೀಗೆ 159 ಸಲ. ಒಬ್ಬ ಮನುಷ್ಯನಿಂದಲೇ 159 ನಕ್ಷೆ. ನೂರಾರು ಜನದ್ದು ಸೇರಿಸಿದ್ರೆ ಸಾವಿರಗಟ್ಲೆ ನಕ್ಷೆ, ಅವನ್ನೆಲ್ಲ ಕಂಪ್ಯೂಟರ್‌ಗೆ ಕೊಟ್ಟು ಒಂದೇ ಥರ ಇರೋವನ್ನ ಗುಡ್ಡೆ ಹಾಕು ಅನ್ನೋದು. ಕಡಲೆಬೇಳೆ ಹೆಸರುಬೇಳೆ ಕಲಸಿಹೋದ್ರೆ ಬೇರೆ ಮಾಡಲ್ವಾ ಹಾಗೆ. 2014ರ ಆ ಕೆಲಸದಲ್ಲಿ 405 ಆರೋಗ್ಯವಂತ ಯುವಕ ಯುವತಿಯರ ನಕ್ಷೆಗಳು 7 ಗುಡ್ಡೆ ಆದ್ವು. ಒಂದೊಂದು ಗುಡ್ಡೇನೂ ಒಂದು ಸ್ಟೇಟ್, ನಮ್ಮ ಛತ್ರದ ಮುಹೂರ್ತ, ಪಂಕ್ತಿ, ಹರಟೆ ಇದ್ದ ಹಾಗೆ.

ಸ್ಟೇಟ್ ಸಿಕ್ಕಿದ್ಮೇಲೆ ಕೇಳೋ ಪ್ರಶ್ನೆಗಳೇ ಬದಲಾಗ್ತವೆ. ಯಾವ ತಂತಿ ಕಟ್ಟಾಗಿದೆ ಅಂತ ಕೇಳೋದು ಬಿಟ್ಟು, ಯಾವ ಸ್ಟೇಟ್‌ನಲ್ಲಿ ಎಷ್ಟು ಹೊತ್ತು ಇರ್ತಾನೆ, ಎಷ್ಟು ಸಲ ಬದಲಾಯಿಸ್ತಾನೆ, ಯಾವುದರಿಂದ ಯಾವುದಕ್ಕೆ ಹೋಗ್ತಾನೆ ಅಂತ ಕೇಳ್ಬಹುದು. ನನಗೆ ಈ ಇಡೀ ವಿಷ್ಯದಲ್ಲಿ ಮನಸ್ಸಿಗೆ ನಾಟಿದ್ದು ಇದೇ, ಯಾಕಂದ್ರೆ ಕಾಯಿಲೆ ಇರೋವ್ರ ಜೊತೆ ಒಂದೇ ಮನೇಲಿ ಇದ್ದವ್ರಿಗೆ ಗೊತ್ತು, ಇಪ್ಪತ್ನಾಲ್ಕು ಗಂಟೆ ಒಂದೇ ಥರ ಇರಲ್ಲ ಅದು. ನಮ್ಮ ಹುಡುಗ ಬೆಳಗ್ಗೆ ಕ್ರಿಕೆಟ್ ಸ್ಕೋರ್ ಬಗ್ಗೆ ಸರಿಯಾಗೇ ಮಾತಾಡ್ತಾನೆ, ಮಧ್ಯಾಹ್ನ ಕುಕ್ಕರ್ ಸೀಟಿ ಕೂಗಿದ್ರೆ ಅದ್ರೊಳಗೆ ಯಾರೋ ತನ್ನ ಹೆಸರು ಹೇಳಿದ್ರು ಅಂತ ಎದ್ದು ಬರ್ತಾನೆ.

ಸ್ಕಿಜೋಫ್ರೇನಿಯಾದಲ್ಲಿ ಏನ್ ಕಂಡ್ರು? 2014ರಲ್ಲೇ ಈಶ್ವರ್ ದಾಮರಾಜು ಮತ್ತು ಅದೇ ಗುಂಪಿನವ್ರು 151 ರೋಗಿಗಳು, 163 ಆರೋಗ್ಯವಂತರನ್ನ ಹೋಲಿಸಿದ್ರು. ಇಡೀ ಮೆದುಳು ಜೋರಾಗಿ ತಾಳ ಕೂಡಿರೋ ಸ್ಟೇಟ್‌ಗಳಿವೆಯಲ್ಲ, ಮುಹೂರ್ತದಂಥವು, ಅಲ್ಲಿ ರೋಗಿಗಳು ಕಳೆಯೋ ಹೊತ್ತು ಕಮ್ಮಿ. ಎಲ್ಲಾ ಸಡಿಲವಾಗಿರೋ, ಎಲೆಅಡಿಕೆ ಹರಟೆಯಂಥ ಸ್ಟೇಟ್‌ನಲ್ಲಿ ಜಾಸ್ತಿ. ಇನ್ನೊಂದು, ಥಲಾಮಸ್ ಅಂತ ಮೆದುಳಿನ ನಡುಮಧ್ಯೆ ಒಂದು ಭಾಗ ಇದೆ, ಕಣ್ಣು ಕಿವಿ ಚರ್ಮದಿಂದ ಬರೋದೆಲ್ಲ (ವಾಸನೆ ಒಂದು ಬಿಟ್ಟು) ಅದ್ರ ಮೂಲಕವೇ ಮೇಲಕ್ಕೆ ಹೋಗ್ಬೇಕು, ಬಾಗಿಲಲ್ಲಿ ನಿಂತು ಯಾರನ್ನ ಒಳಗೆ ಬಿಡ್ಬೇಕು ಅಂತ ನೋಡೋ ಆಸಾಮಿ. ರೋಗಿಗಳಲ್ಲಿ ಥಲಾಮಸ್‌ಗೂ ಕೇಳೋ, ನೋಡೋ, ಕೈಕಾಲು ಆಡ್ಸೋ ಭಾಗಗಳಿಗೂ ಒಡನಾಟ ಅತಿಯಾಗಿತ್ತು, ಆ ಭಾಗಗಳ ನಡುವಿನ ಒಡನಾಟ ಮಾತ್ರ ಕಮ್ಮಿ. ಮಜಾ ಅಂದ್ರೆ ಈ ವ್ಯತ್ಯಾಸ ಎಲ್ಲಾ ಹೊತ್ತಲ್ಲೂ ಒಂದೇ ಥರ ಇರ್ಲಿಲ್ಲ, ಕೆಲವು ಸ್ಟೇಟ್‌ಗಳಲ್ಲಿ ಎದ್ದು ಕಾಣ್ತು ಉಳಿದವುಗಳಲ್ಲಿ ಮಂಕು. ಸರಾಸರಿ ತೆಗೆದಿದ್ರೆ ಅರ್ಧಕ್ಕರ್ಧ ನೀರು ಬೆರೆಸಿದ ಹಾಲಿನ ಹಾಗೆ ಆಗ್ಬಿಡ್ತಿತ್ತು. ಬಾಗಿಲು ಕಾಯೋನು ಕೆಲವು ಹೊತ್ತಲ್ಲಿ ಎಲ್ರನ್ನೂ ಒಳಗೆ ಬಿಟ್ರೆ ಕುಕ್ಕರ್ ಸೀಟೀಲಿ ಹೆಸರು ಕೇಳ್ಸೋದು ಆಶ್ಚರ್ಯ ಏನಲ್ಲ ಅಂತ ನನಗನ್ಸಿತು, ಆದ್ರೆ ಅದು ನನ್ನ ಕಲ್ಪನೆ, ಪೇಪರ್‌ನಲ್ಲಿ ಹಾಗಂತ ಬರೆದಿಲ್ಲ.

ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಒಮ್ಮೆ ಅತಿ ಬೇಸರಕ್ಕೆ ಜಾರೋ ಕಾಯಿಲೆ) ಮತ್ತೆ ಸ್ಕಿಜೋಫ್ರೇನಿಯಾ ಶುರುವಲ್ಲಿ ಬೇರೆ ಮಾಡೋದು ಡಾಕ್ಟ್ರಿಗೂ ಕಷ್ಟ, ಲಕ್ಷಣ ಒಂದರ ಮೇಲೊಂದು ಬೀಳ್ತವೆ. 2016ರಲ್ಲಿ ಬರ್ನಾಲಿ ರಶೀದ್ ಮತ್ತಿತರರು ಸುಮಾರು 160 ಜನರ ಸ್ಕ್ಯಾನ್ ತಗೊಂಡು, ಯಾರಿಗೆ ಸ್ಕಿಜೋಫ್ರೇನಿಯಾ ಯಾರಿಗೆ ಬೈಪೋಲಾರ್ ಯಾರು ಆರೋಗ್ಯವಂತರು ಅಂತ ಕಂಪ್ಯೂಟರ್‌ಗೆ ಊಹೆ ಮಾಡೋಕೆ ಹೇಳಿದ್ರು. ಸರಾಸರಿ ಕನೆಕ್ಟಿವಿಟಿ ಕೊಟ್ಟಾಗ ಸುಮಾರು 59% ಸರಿ, ಕಾಲದ ಜೊತೆ ಬದಲಾಗೋದನ್ನ ಕೊಟ್ಟಾಗ ಸುಮಾರು 84%. ಕೇಳೋಕೆ ಭರ್ಜರಿ. ಆದ್ರೆ 160 ಜನ ಅಂದ್ರೆ ಮೂರು ಬಸ್ಸಿನಷ್ಟು ಜನ ಅಷ್ಟೆ, ನಾಲ್ಕು ಊರಲ್ಲಿ ನಾಲ್ಕು ಮಷೀನಲ್ಲಿ ಸಾವಿರಾರು ಜನರ ಮೇಲೆ ಇದೇ ನಂಬರ್ ಬರುತ್ತೆ ಅಂತ ನಾನಂತೂ ಬೆಟ್ ಕಟ್ಟಲ್ಲ.

ಡಿಪ್ರೆಷನ್ ಕಥೆ ಇನ್ನೂ ಗೋಜಲು. ಹೇಳಿದ್ದೇ ಹೇಳ್ಕೊಂಡು ಮನಸ್ಸೊಳಗೆ ಕೊರಗೋದಿದೆಯಲ್ಲ, ಅದಕ್ಕೂ ಡಿಫಾಲ್ಟ್ ಮೋಡ್‌ಗೂ ಸಂಬಂಧ ಇರ್ಬೇಕು, ಅಲ್ಲಿ ಕನೆಕ್ಟಿವಿಟಿ ಜಾಸ್ತಿ ಆಗಿರುತ್ತೆ ಅಂತ ಬಹಳ ದಿನ ನಂಬಿದ್ರು. 2019ರಲ್ಲಿ ಚೀನಾದವ್ರು 25 ಕಡೆಯಿಂದ ಡೇಟಾ ಕೂಡ್ಸಿ, 1300 ರೋಗಿಗಳದ್ದು, ನೋಡಿದ್ರೆ ಉಲ್ಟಾ! ಮರುಕಳಿಸೋ ಡಿಪ್ರೆಷನ್ ಇರೋವ್ರಲ್ಲಿ ಕಮ್ಮಿ ಬಂತು, ಅದೂ ಔಷಧಿ ಜೊತೆ ತಳುಕು ಹಾಕ್ಕೊಂಡಿತ್ತು. ಸರಾಸರಿ ಮೇಲೆ ಜಗಳ ಹೀಗಿರುವಾಗ ಕಾಲದ ಲೆಕ್ಕ ಏನ್ ಹೇಳುತ್ತೆ? 2016ರಲ್ಲಿ ರೋಸಲಿಂಡ್ ಕೈಸರ್ ಮತ್ತು ಜೊತೆಗಾರರು ಡಿಪ್ರೆಷನ್ ಇರೋವ್ರಲ್ಲಿ ಹಣೆಯ ಹಿಂದಿನ ನಡುಭಾಗಕ್ಕೂ ಇನ್ಸುಲಾಗೂ ಇರೋ ಒಡನಾಟ ಜಾಸ್ತಿ ಓಲಾಡುತ್ತೆ ಅಂತ ಹೇಳಿದ್ರು. ಮೊದಲನೇದು ನಮ್ಮ ಬಗ್ಗೆ ನಾವು ಯೋಚ್ನೆ ಮಾಡೋ ಜಾಗ, ಎರಡನೇದು ಹೊರಗೆ ಒಳಗೆ ಯಾವುದು ಗಮನ ಕೊಡೋ ಅಂಥದ್ದು ಅಂತ ಆರಿಸೋ ಜಾಗ. ಕಮ್ಮಿ ಜಾಸ್ತಿ ಅನ್ನೋದಕ್ಕಿಂತ ನೆಲೆ ನಿಲ್ಲಲ್ಲ ಅನ್ನೋದು ಮುಖ್ಯ ಇರ್ಬಹುದು ಅನ್ನೋ ವಾದ.

ಇಲ್ಲಿಗೆ ನಿಲ್ಲಿಸಿಬಿಟ್ರೆ ಯೂಟ್ಯೂಬ್ ವಿಡಿಯೋ ಥರ ಆಗುತ್ತೆ. ಈ ಕ್ಷೇತ್ರದೊಳಗೇ ದೊಡ್ಡ ತಕರಾರಿದೆ, ನನ್ನ ಕೆಲಸದ ದೃಷ್ಟಿಯಿಂದ ನೋಡಿದ್ರೆ ಆ ತಕರಾರು ನ್ಯಾಯವಾಗೇ ಇದೆ.

ಮೊದಲನೇದು ಕಿಟಕಿ. 22 ಚಿತ್ರದಲ್ಲಿ ತಾಳ ಲೆಕ್ಕ ಹಾಕ್ತಿದ್ದೀವಿ ಅಲ್ವಾ, ಒಂದಕ್ಕೊಂದು ಏನೇನೂ ಸಂಬಂಧ ಇಲ್ದಿರೋ ಎರಡು ಸಿಗ್ನಲ್ ತಗೊಂಡು ಬರೀ 22 ಬಿಂದು ನೋಡಿದ್ರೂ ಲೆಕ್ಕ ಪ್ಲಸ್ 0.4ರಿಂದ ಮೈನಸ್ 0.4ರವರೆಗೆ ತನ್ನಷ್ಟಕ್ಕೇ ಹೊಯ್ದಾಡುತ್ತೆ. ರಕ್ತದ ಸಿಗ್ನಲ್ ನಿಧಾನ ಅಂದ್ನಲ್ಲ, ಪಕ್ಕಪಕ್ಕದ ಚಿತ್ರಗಳು ಒಂದರ ನೆರಳು ಇನ್ನೊಂದರ ಮೇಲೆ ಇರೋದ್ರಿಂದ ಹೊಯ್ದಾಟ ಇನ್ನೂ ಜಾಸ್ತಿ. ನಾಣ್ಯ ಹತ್ತು ಸಲ ಚಿಮ್ಮಿ ಏಳು ಸಲ ರಾಜ ಬಿದ್ರೆ ನಾಣ್ಯದ ಮೂಡ್ ಬದಲಾಯ್ತು ಅನ್ನೋ ಹಾಗೆ ಆಗುತ್ತೆ. 2015ರಲ್ಲಿ ನೋರಾ ಲಿಯೊನಾರ್ಡಿ, ದಿಮಿತ್ರಿ ವಾನ್ ದೆ ವಿಲ್ಲೆ ಒಂದು ನಿಯಮ ಹೇಳಿದ್ರು, ಸಿಗ್ನಲ್‌ನಲ್ಲಿರೋ ಅತಿ ನಿಧಾನದ ಅಲೆ ಒಂದು ಸುತ್ತು ಮುಗಿಸೋವಷ್ಟಾದ್ರೂ ಕಿಟಕಿ ಅಗಲ ಇರ್ಬೇಕು ಅಂತ. 100 ಸೆಕೆಂಡಿನ ಅಲೆ ಉಳಿಸ್ಕೊಂಡಿದ್ರೆ 100 ಸೆಕೆಂಡಿನ ಕಿಟಕಿ. ಅಷ್ಟು ಅಗಲ ಮಾಡಿದ್ರೆ ಚಕ್ಕನೆ ಬಂದು ಹೋಗೋ ಬದಲಾವಣೆ ಕಾಣಲ್ಲ. ಕಿಟಕಿ ಬಿಟ್ಟು ಬೇರೆ ಗಣಿತ ಹಿಡಿದವ್ರೂ ಇದ್ದಾರೆ, 2017ರಲ್ಲಿ ಡಿಯೆಗೋ ವಿಡೌರೆ ಗುಂಪು 820 ಜನರ ಡೇಟಾದಲ್ಲಿ ಹಾಗೆ 12 ಸ್ಟೇಟ್ ಹುಡುಕ್ತು. 7, 12, ಹೀಗೆ ಒಬ್ಬೊಬ್ರದ್ದು ಒಂದೊಂದು ಸಂಖ್ಯೆ ಅನ್ನೋದೇ ಒಂದು ಸೂಚನೆ, ಸ್ಟೇಟ್ ಅನ್ನೋದು ಅರ್ಧ ಮೆದುಳಲ್ಲಿದೆ ಅರ್ಧ ನಮ್ಮ ಲೆಕ್ಕದಲ್ಲಿದೆ.

ಎರಡನೇದು ನಿದ್ದೆ. ಇದು ನನಗೆ ನಗು ತರಿಸ್ತು, ಯಾಕಂದ್ರೆ ನಾನೂ ಒಂದು ಸಲ ಸೊಂಟ ನೋವಿಗೆ ಅಂತ ಎಂಆರ್‌ಐ ಒಳಗೆ ಮಲಗಿದ್ದೆ, ಡಬ ಡಬ ಟಕ ಟಕ ಸದ್ದಿನ ಮಧ್ಯೆನೂ ಗೊರಕೆ ಹೊಡೆದೆ ಅಂತ ಟೆಕ್ನಿಷಿಯನ್ ಹೇಳಿದ್ರು. ರಿಸರ್ಚ್ ಸ್ಕ್ಯಾನ್‌ನಲ್ಲಿ ಕಿವಿಗೆ ಬೆಂಡು ತುರುಕಿ, ತಲೆ ಅಲ್ಲಾಡದ ಹಾಗೆ ಅಕ್ಕಪಕ್ಕ ಸ್ಪಂಜ್ ಇಟ್ಟು, ಕನ್ನಡೀಲಿ ಕಾಣೋ ಒಂದು ಪ್ಲಸ್ ಗುರುತು ನೋಡ್ತಾ ಏನೂ ಯೋಚ್ನೆ ಮಾಡ್ಬೇಡಿ ನಿದ್ದೇನೂ ಮಾಡ್ಬೇಡಿ ಅಂತಾರೆ. ಯಾರಿಗಾಗುತ್ತೆ ಹೇಳಿ? 2014ರಲ್ಲಿ ಟಾಲ್ಯಾಜುಕಿ, ಲೌಫ್ಸ್ ಅನ್ನೋವ್ರು ಸಾವಿರಕ್ಕೂ ಹೆಚ್ಚು ಸ್ಕ್ಯಾನ್ ಪರೀಕ್ಷೆ ಮಾಡಿದ್ರೆ, ಮೂರು ನಿಮಿಷ ಆಗೋದ್ರೊಳಗೆ ಮೂರರಲ್ಲಿ ಒಬ್ರು ಜಾರಿಬಿಟ್ಟಿದ್ರು. ತೂಕಡಿಸೋದ್ರಿಂದ ಕನೆಕ್ಟಿವಿಟಿ ಜೋರಾಗೇ ಬದಲಾಗುತ್ತೆ. ಕ್ಯಾಲ್‌ಹೂನ್ ಗುಂಪಿನ 7 ಸ್ಟೇಟ್‌ಗಳಲ್ಲೇ ಸ್ಕ್ಯಾನ್ ಮುಂದುವರಿದ ಹಾಗೆ ಜಾಸ್ತಿ ಆಗ್ತಾ ಹೋಗೋ, ಥಲಾಮಸ್ ಒಂದು ಕಡೆ ಮೇಲ್ಪದರ ಒಂದು ಕಡೆ ಆಗೋ ಸ್ಟೇಟ್ ಒಂದಿದೆ, ಇದು ತೂಕಡಿಕೆ ಇರ್ಬಹುದು ಅಂತ ಅವ್ರೇ ಅಂದ್ರು. ಈಗ ಹಿಂದಕ್ಕೆ ಹೋಗಿ, ರೋಗಿಗಳು ಕಮ್ಮಿ ಹೊತ್ತು ಕಳೆಯೋ ಸ್ಟೇಟ್‌ಗಳಲ್ಲೂ ಇಂಥದ್ದು ಸೇರಿತ್ತು. ಅಂದ್ರೆ ಅದು ಕಾಯಿಲೆಯೋ, ಇಲ್ಲಾ ಆತಂಕಕ್ಕೆ ಅವ್ರಿಗೆ ಜೋಂಪು ಹತ್ತಲಿಲ್ಲವೋ, ಮಾತ್ರೆಯ ಪ್ರಭಾವವೋ? ಪೂರ್ತಿ ಬಿಡಿಸೋಕೆ ಸ್ಕ್ಯಾನ್ ಜೊತೆಗೇ ಇಇಜಿ (ತಲೆ ಮೇಲೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ನೋಡೋದು) ಹಾಕಿ ಎಚ್ಚರ ಅಳೀಬೇಕು, ದುಡ್ಡು ಸಮಯ ಎರಡೂ ಬೇಕು.

ಮೂರನೇದು ತಲೆ ಅಲ್ಲಾಡೋದು. ಅರ್ಧ ಮಿಲಿಮೀಟರ್ ಅಲ್ಲಾಡಿದ್ರೂ ಸಾಕು, ಇಲ್ಲದ ಸಂಬಂಧ ಹುಟ್ಕೊಳ್ಳುತ್ತೆ, ಕಾಯಿಲೆ ಇರೋವ್ರು ಚಡಪಡಿಸೋದು ಜಾಸ್ತಿ. 2017ರಲ್ಲಿ ತಿಮೋತಿ ಲೌಮನ್ ಮತ್ತಿತರರು ಕಟುವಾಗೇ ಬರೆದ್ರು, ಸುಮ್ನೆ ಮಲಗಿದವ್ರಲ್ಲಿ ಕಾಣೋ ಈ ಬದಲಾವಣೆಯ ಬಹುಪಾಲು ಇಷ್ಟೇ, ಕಮ್ಮಿ ಬಿಂದುಗಳ ಹೊಯ್ದಾಟ, ತಲೆ ಅಲ್ಲಾಟ, ನಿದ್ದೆ ಎಚ್ಚರದ ಏರಿಳಿತ. ಅದಕ್ಕೆ ಉತ್ತರ ಕೊಟ್ಟವ್ರೂ ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಬದಲಾವಣೆ ಇದೆ, ಆದ್ರೆ ಆರು ನಿಮಿಷದ ಸ್ಕ್ಯಾನ್ ಅದನ್ನ ಹಿಡಿಯೋಕೆ ಸಾಲ್ದು. ಮೋಟರ್ ಆಗಿದ್ರೂ ನಾನು ಆರು ನಿಮಿಷದ ಡೇಟಾ ಮೇಲೆ ಸಹಿ ಹಾಕಲ್ಲ.

ಹಾಗಾಗಿ ಈ ಟೆಸ್ಟ್ ಎಲ್ಲಿ ಮಾಡಿಸ್ಬಹುದು ಅಂತ ಕೇಳೋವ್ರಿಗೆ, ಎಲ್ಲೂ ಇಲ್ಲ. ಒಬ್ಬ ವ್ಯಕ್ತಿಗೆ ಕಾಯಿಲೆ ಇದೆಯಾ ಇಲ್ವಾ ಅಂತ ಹೇಳೋ ಮಟ್ಟಕ್ಕೆ ಇದು ಬಂದಿಲ್ಲ, ಗುಂಪಿಗೂ ಗುಂಪಿಗೂ ಇರೋ ಸರಾಸರಿ ವ್ಯತ್ಯಾಸ ಅಷ್ಟೇ ಸದ್ಯಕ್ಕೆ. ಯಾರಾದ್ರೂ ಬ್ರೈನ್ ನೆಟ್‌ವರ್ಕ್ ಸ್ಕ್ಯಾನ್ ಮಾಡಿ ಡಿಪ್ರೆಷನ್ ಹೇಳ್ತೀವಿ ಅಂತ ಪ್ಯಾಕೇಜ್ ತೋರ್ಸಿದ್ರೆ ಜೇಬು ಭದ್ರ. ನಿಮ್ಹಾನ್ಸ್ ಆಗ್ಲಿ ಹಾರ್ವರ್ಡ್ ಆಗ್ಲಿ, ಸ್ಕಿಜೋಫ್ರೇನಿಯಾ ಅಂತ ನಿರ್ಧಾರ ಮಾಡೋದು ರೋಗಿ ಜೊತೆ, ಮನೆಯವ್ರ ಜೊತೆ ಕೂತು ಮಾತಾಡಿಯೇ. ಮಾಮೂಲಿ ಎಂಆರ್‌ಐ ಮಾಡ್ಸೋದು ಬೇರೆ ಕಾರಣ ಇಲ್ಲ ಅಂತ ತಳ್ಳಿಹಾಕೋಕೆ, ನಾರ್ಮಲ್ ಬಂದ್ರೆ ಗಡ್ಡೆ ಇಲ್ಲ ಅಂತ ಅರ್ಥ, ಕಾಯಿಲೆ ಇಲ್ಲ ಅಂತಲ್ಲ. ಹತ್ರದಲ್ಲಿ ಡಾಕ್ಟ್ರಿಲ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.

ಇಷ್ಟೆಲ್ಲ ಓದ್ಕೊಂಡು ಹೋಗಿ ಅತ್ತೆಗೆ ಹೇಳ್ಬೇಕಲ್ಲ. ಥಲಾಮಸ್ ಇನ್ಸುಲಾ ಎಲ್ಲಾ ಬಿಟ್ಟು ಛತ್ರದ ಕಥೆ ಹೇಳ್ದೆ, ಮುಹೂರ್ತ, ಪಂಕ್ತಿ, ಹರಟೆ. ಹುರುಳಿಕಾಯಿ ನಾರು ತೆಗೀತಾ ಕೇಳಿಸ್ಕೊಂಡ್ರು. ಕೊನೇಲಿ, "ಅವತ್ತು ತೆಗೆದಿದ್ದು ಖಾಲಿ ಛತ್ರದ ಫೋಟೋ ಅನ್ನು" ಅಂದ್ರು.

"ಹೂಂ ಅತ್ತೆ, ನೀವು ಹೇಳಿದ್ದು ಸರಿ. ಗೋಡೆ ಗಟ್ಟಿ ಇದೆ ಅಂತ ಮಾತ್ರ ಬಂದಿದೆ."

"ಒಳಗಿನ ಗಲಾಟೆ ಕಾಣೋ ಫೋಟೋ ಯಾವಾಗ ಬರುತ್ತಂತೆ?"

ಗೊತ್ತಿಲ್ಲ ಅತ್ತೆ ಅಂದೆ. ಅಷ್ಟರಲ್ಲಿ ರಾತ್ರಿ ಮಾತ್ರೆ ಹೊತ್ತಾಯ್ತು, ಎದ್ದು ಹೋದ್ರು. ಮಾವ ಮಾತ್ರ ಆ ರಿಪೋರ್ಟನ್ನ ಇನ್ನೂ ಬೀರುವಲ್ಲಿ ಜೋಪಾನವಾಗಿ ಇಟ್ಕೊಂಡಿದ್ದಾರೆ.